ಚಳಿಗೆ ಬಿಟ್ಟ ಚಕ್ಕೋತ

ಹಣ್ಣಿನ ಫಾರಂ ಕ್ವಾರ್ಟರ್ಸ್, ಕುಮಾವೂನ್ ಬೆಟ್ಟ
೧೨ ನವೆಂಬರ್ ೧೯೫೯

ಜಂಗಮಕೋಟೆಯ ನನ್ನ ಅಮ್ಮನಿಗೆ,

ತಲುಪಿದೆವು. ತಲುಪಿದ ಕೂಡಲೇ ಕಾಗದ ಹಾಕು ಎಂದಿದ್ದೆ, ಮೂರು ದಿನ ತಡವಾಯಿತು, ಬೈಯಬೇಡ. ಮೊದಲನೆಯ ದಿನ ಬೆಟ್ಟ ನೋಡಿದೆ, ಎರಡನೆಯ ದಿನ ಮನೆ ನೋಡಿದೆ, ಮೂರನೆಯ ದಿನ ಇವರನ್ನು ನೋಡಿದೆ. ಮದುವೆಯಾಗಿ ಆರು ತಿಂಗಳಾದ ಮೇಲೆ ಇವರನ್ನು ನೆಟ್ಟಗೆ ನೋಡಿದ್ದು ಇದೇ ಮೊದಲು ಎಂದರೆ ನಂಬುತ್ತೀಯಾ? ಧಾರೆಯ ದಿನ ತಲೆ ತಗ್ಗಿಸಿಯೇ ಇದ್ದೆ. ಆಷಾಢಕ್ಕೆಂದು ನೀನು ಕರೆದುಕೊಂಡು ಹೋದೆ, ಇವರು ರಜೆ ಮುಗಿಯಿತೆಂದು ಇಲ್ಲಿಗೆ ಬಂದುಬಿಟ್ಟರು. ದೀಪಾವಳಿಗೆ ಬಂದಾಗ ಮನೆ ತುಂಬ ನೆಂಟರು. ಇವರ ಎಡಗಿವಿಯ ಹಿಂದೆ ಒಂದು ಮಚ್ಚೆ ಇದೆ ಅಮ್ಮ. ಇದನ್ನು ಅಪ್ಪನಿಗೆ ಓದಿ ಹೇಳಬೇಡ.

ಕಾನ್ವೆಂಟಿನ ಜಾಗ್ರಫಿ ಪುಸ್ತಕದಲ್ಲಿ ಹಿಮಾಲಯ ಒಂದು ಕಂದು ಗೆರೆಯಾಗಿತ್ತು, ಅಷ್ಟೆ. ರೈಲು ಕಾಠಗೋದಾಮಿನಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಬಸ್ಸು ಸುತ್ತಿ ಸುತ್ತಿ ಹತ್ತುತ್ತದೆ. ನಮ್ಮ ನಂದಿ ಬೆಟ್ಟದ ಮೇಲೆ ಸ್ಕಂದಗಿರಿಯನ್ನು ಇಟ್ಟು, ಅದರ ಮೇಲೆ ಇನ್ನೊಂದು ನಂದಿ ಬೆಟ್ಟ ಇಟ್ಟರೂ ಎದುರಿಗೆ ಕಾಣುವ ಬಿಳಿ ಶಿಖರದ ಮೊಣಕಾಲಿಗೆ ಬರುವುದಿಲ್ಲ. ಬೆಳಿಗ್ಗೆ ಅದು ಗುಲಾಬಿ ಬಣ್ಣ, ಮಧ್ಯಾಹ್ನ ಬಿಳಿ, ಸಂಜೆ ನಿನ್ನ ಹಳೆಯ ಜರತಾರಿ ಸೀರೆಯ ಬಣ್ಣ. ನೋಡುತ್ತ ನೋಡುತ್ತ ಮೊದಲನೆಯ ದಿನ ಅನ್ನ ಸೀದುಹೋಯಿತು. ಇವರು ತಳ ಬಿಟ್ಟು ಮೇಲಿನದನ್ನು ತಿಂದರು, ಒಂದು ಮಾತೂ ಆಡಲಿಲ್ಲ. ಎಷ್ಟು ಒಳ್ಳೆಯವರು ನೋಡು.

ಇವರಿಗೆ ಇಲ್ಲಿ ನನಗಿಂತ ಮೊದಲೇ ಒಂದು ಸಂಸಾರವಿತ್ತು. ಗಾಬರಿಯಾಗಬೇಡ. ಕುಂಡಗಳಲ್ಲಿ ಆರು ಚಕ್ಕೋತ ಗಿಡ. ಎರಡು ವರ್ಷದ ಕೆಳಗೆ ಮುದ್ದೇನಹಳ್ಳಿಯಲ್ಲಿ ನಮ್ಮ ಮಾವನವರು ತಮ್ಮ ಹಿತ್ತಲಿನ ಮರದಿಂದ ಕಡ್ಡಿಗಳನ್ನು ಕತ್ತರಿಸಿ, ಬಾಳೆಪಟ್ಟೆ ಸುತ್ತಿ ಕೊಟ್ಟರಂತೆ. ಇವರು ಅದನ್ನು ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದು, ಇಲ್ಲಿಯ ಒಂದು ಮುಳ್ಳುಗಿಡಕ್ಕೆ ಕಣ್ಣು ಕಸಿ ಮಾಡಿದ್ದಾರೆ, ಅಂದರೆ ಕಡ್ಡಿಯ ಒಂದೊಂದು ಮೊಗ್ಗನ್ನು ಕೊಯ್ದು ಇದರ ತೊಗಟೆಯೊಳಗೆ ಸೇರಿಸಿ ಕಟ್ಟಿದ್ದಾರೆ. ಆ ಮುಳ್ಳುಗಿಡವೂ ಕಿತ್ತಳೆ ಜಾತಿಯದೇ. ಒಂದೊಂದು ತೊಟ್ಟಿಗೆ ಮೂರು ಎಲೆ, ಥೇಟು ಬಿಲ್ವಪತ್ರೆ. ನಾನು ಮೊದಲು ನೋಡಿದಾಗ ಕೈ ಮುಗಿದುಬಿಟ್ಟೆ, ಇವರು ಗಂಟೆಗಟ್ಟಲೆ ನಕ್ಕರು. ಅದು ಹಿಮಕ್ಕೂ ಹೆದರದ ಗಿಡವಂತೆ. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತದಂತೆ. ಬುಡದ ಗಿಡ ನಿದ್ದೆ ಮಾಡಿದರೆ ಮೇಲಿನ ಚಕ್ಕೋತವೂ ಬೆಳೆಯುವುದು ನಿಲ್ಲಿಸಿ ಸುಮ್ಮನಿರಬಹುದು, ಚಳಿ ತಡೆಯಬಹುದು ಎಂದು ಇವರ ಆಸೆ.

ಸೂಪರಿಂಟೆಂಡೆಂಟ್ ಸಾಹೇಬರು ದಿನವೂ ಆ ಕುಂಡಗಳ ಮುಂದೆ ನಿಂತು, "ಮಿಸ್ಟರ್ ರಾಮಾಂಜಿನಪ್ಪ, ನಿಮ್ಮ ಮೈಸೂರಿನ ಚಕ್ಕೋತ ಜನವರಿ ಕಾಣುವುದಿಲ್ಲ" ಎನ್ನುತ್ತಾರೆ. ಹಿಂದಿನ ಚಳಿಗಾಲಗಳಲ್ಲಿ ಎಳೆಯವೆಂದು ಒಳಗೇ ಇಟ್ಟಿದ್ದರಂತೆ. ಹೊರಗೆ, ಬಯಲಿನಲ್ಲಿ, ಈ ಚಳಿಗಾಲ ಒಂದಾದರೂ ಬದುಕಿದರೆ ಕೆಳಗಿನ ತೋಟದಲ್ಲಿ ಜಾಗ ಕೊಡುತ್ತಾರಂತೆ. ಬದುಕದಿದ್ದರೆ ಚಕ್ಕೋತದ ಮಾತು ಎತ್ತುವಂತಿಲ್ಲ.

ಅಮ್ಮ, ರೈಲು ಹೊರಡುವಾಗ ನೀನು ಹೇಳಿದ್ದು ನೆನಪಿದೆ. ಸಂಕ್ರಾಂತಿಗೆ ಮೊದಲು ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ, ಬೇಸಿಗೆ ಬಂದ ಮೇಲೆ ವಾಪಸು ಕಳಿಸುತ್ತೀರಿ. ಇವರು ತಲೆಯಾಡಿಸಿದರು, ನಾನೂ ತಲೆಯಾಡಿಸಿದೆ. ಅದನ್ನು ಇನ್ನೊಂದು ಸಲ ಯೋಚಿಸಬಹುದೇ ಎಂದು ಸುಮ್ಮನೆ ಕೇಳುತ್ತಿದ್ದೇನೆ. ಇಲ್ಲಿ ನನಗೆ ಅಂಥ ಚಳಿಯೇನೂ ಇಲ್ಲ. ಮೂರು ರಗ್ಗು ಹೊದೆಯುತ್ತೇನೆ, ಅಷ್ಟೆ.

ಇವರ ಹೆಸರು ಬಾಯಲ್ಲಿ ಹೇಳಬಾರದು, ಮೇಲೆ ಬರೆದುಬಿಟ್ಟೆ. ಬರೆದರೆ ಪರವಾಗಿಲ್ಲ ತಾನೆ?

ಬೆಟ್ಟದಷ್ಟು ಸಂತೋಷದಲ್ಲಿರುವ,
ನಿನ್ನ ವನಜ

*

ಜಂಗಮಕೋಟೆ
೨೨ ನವೆಂಬರ್ ೧೯೫೯

ವನಜಮ್ಮನಿಗೆ ಅಮ್ಮ ಬರೆಯುವುದು.

ನಿನ್ನ ಕಾಗದ ಬಂತು. ಮಚ್ಚೆಯ ವಿಷಯಕ್ಕೆ ಬಂದಾಗ ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು. "ಏನ್ ಬರ್ದವ್ಳೆ, ಯಾಕ್ ನಿಲ್ಲಿಸ್ದೆ?" ಅಂದರು. "ಬೆಟ್ಟದ ಹಿಂದ್ಗಡೆ ಮಚ್ಚೆ ಹಂಗೆ ಒಂದು ಮೋಡ ಐತಂತೆ" ಅಂದೆ. "ಮೋಡಕ್ಕೆ ನೀನ್ಯಾಕೆ ನಗ್ತೀಯ" ಅಂದರು. ಇನ್ನು ಮೇಲೆ ಅಂಥದ್ದೆಲ್ಲ ಬೇರೆ ಚೀಟಿಯಲ್ಲಿ ಬರಿ.

ಮೂರು ರಗ್ಗು ಹೊದ್ದುಕೊಂಡು ಚಳಿ ಇಲ್ಲ ಅಂತ ಬರೆಯುವವಳು ನೀನೊಬ್ಬಳೇ. ಚಿಕ್ಕಂದಿನಲ್ಲಿ ಮಾಗಿ ಬಂದರೆ ನಿನ್ನನ್ನು ಹಾಸಿಗೆಯಿಂದ ಎಬ್ಬಿಸೋಕೆ ಒಲೆ ಮುಂದೆ ಮಣೆ ಹಾಕಿ ಕರೆಯಬೇಕಿತ್ತು. ಹಾಸ್ಟೆಲಿಗೆ ಹೋದ ಮೇಲೂ ಬಿಸಿನೀರಿಲ್ಲ ಅಂತ ಕಾಗದ ಬರೆದಿದ್ದೆ. ಯೋಚನೆ ಮಾಡೋಕೆ ಏನೂ ಇಲ್ಲ. ಜನವರಿ ಐದಕ್ಕೆ ನಿಮ್ಮಪ್ಪ ಹೊರಡುತ್ತಾರೆ. ಮದುವೆಯಾದ ಮೊದಲನೇ ಸಂಕ್ರಾಂತಿ, ಊರಿನವರಿಗೆಲ್ಲ ನೀನೇ ಎಳ್ಳು ಬೀರಬೇಕು. ಕೊಂಡಮ್ಮತ್ತೆ ಈಗಲೇ ಕೊಬ್ಬರಿ ಹೆಚ್ಚುತ್ತೀನಿ ಅಂತ ಕೂತವಳೆ. ತಿಂಗಳುಗಟ್ಟಲೆ ಮುಂಚೆ ಹೆಚ್ಚಿದರೆ ಕಮಟು ಹಿಡಿಯುತ್ತೆ ಕಣತ್ತೆ ಅಂದರೆ ಕೇಳೋದಿಲ್ಲ.

ಈ ಸಲದ ರೇಷ್ಮೆ ಹುಳ ಚೆನ್ನಾಗಿವೆ. ನಿನ್ನೆ ಮೂರನೇ ಜ್ವರದಿಂದ ಎದ್ದವು. ನಿನಗೆ ನೆನಪಿದೆಯೋ ಇಲ್ಲವೋ, ಚಿಕ್ಕವಳಿದ್ದಾಗ ಹುಳ ಜ್ವರಕ್ಕೆ ಕೂತವೆ ಅಂದರೆ ಕಾಯಿಲೆ ಅಂದುಕೊಂಡು ಅಳುತ್ತಿದ್ದೆ. ಪೊರೆ ಬಿಡೋ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಕೂರೋದು ಅದು, ಕಾಯಿಲೆ ಅಲ್ಲ ಕಣೇ ಅಂತ ಎಷ್ಟು ಹೇಳಿದರೂ ಕದ್ದುಮುಚ್ಚಿ ಸೊಪ್ಪು ಹಾಕಿಬಿಡುತ್ತಿದ್ದೆ.

ಒಂದು ಮಾತು. ಬೀಗರ ಮನೆ ಚಕ್ಕೋತಾನ ಆ ಚಳಿಯಲ್ಲಿ ಬಯಲಿಗೆ ಬಿಟ್ಟವರಲ್ಲ ಅಳಿಯಂದಿರು, ನನಗೆ ಮನಸ್ಸಿಗೆ ಬರಲಿಲ್ಲ. ಗಂಡಸರಿಗೆ ಸಾಕೋದು ಗೊತ್ತಾಗೋದಿಲ್ಲ. ಮಾಗಿಯಲ್ಲಿ ಹುಳದ ಮನೆಗೆ ನಾವೇನು ಮಾಡ್ತೀವಿ? ಬಾಂಡ್ಲಿಯಲ್ಲಿ ಇದ್ದಿಲು ಕೆಂಡ ಇಟ್ಟು, ಬಾಗಿಲಿಗೆ ಗೋಣಿತಾಟು ಕಟ್ಟಿ, ಒಳಗೆ ಬೆಚ್ಚಗೆ ಇಡ್ತೀವಿ. ಜೀವ ಅಂದಮೇಲೆ ಹುಳವಾದರೇನು ಗಿಡವಾದರೇನು. ನೀನಾದರೂ ನೋಡಿಕೋ.

ಕಿವಿಗೆ ಹತ್ತಿ ಇಟ್ಟುಕೊ. ತಲೆಸ್ನಾನ ಮಧ್ಯಾಹ್ನ ಮಾಡು.

ಇಂತಿ, ನಿನ್ನ ದಾರಿ ಕಾಯುತ್ತಿರುವ
ಅಮ್ಮ, ಅನಸೂಯಮ್ಮ

*

ಹಣ್ಣಿನ ಫಾರಂ
೧ ಡಿಸೆಂಬರ್ ೧೯೫೯

ನನ್ನ ಜಾಣ ಅಮ್ಮನಿಗೆ,

ನಿನ್ನ ಕಾಗದ ಸರಿಯಾದ ಹೊತ್ತಿಗೆ ಬಂತು. ಒಂದು ದಿನ ಮೊದಲು ಬಂದಿದ್ದರೆ ಇವರು ಮನೆಯಲ್ಲಿರುತ್ತಿದ್ದರು, ಒಂದು ವಾರ ತಡವಾಗಿದ್ದರೆ ಗಿಡಗಳೇ ಇರುತ್ತಿರಲಿಲ್ಲ.

ಇವರು ಮೂರು ವಾರ ಟೂರಿಗೆ ಹೋಗಿದ್ದಾರೆ, ಕೆಳಗಿನ ಕಣಿವೆಯ ಕಿತ್ತಳೆ ತೋಟಗಳನ್ನು ನೋಡಿ ಬರೆದುಕೊಂಡು ಬರಲು. ಹೊರಡುವ ಹಿಂದಿನ ಸಂಜೆ ನನ್ನನ್ನು ಕುಂಡಗಳ ಮುಂದೆ ನಿಲ್ಲಿಸಿ ಪಾಠ ಮಾಡಿದರು. ಚಕ್ಕೋತಕ್ಕೂ ಕಿತ್ತಳೆಗೂ ಸೇಬಿನ ಹಾಗೆ ಎಲೆ ಉದುರಿಸಿ ಮಲಗುವ ಅಭ್ಯಾಸವಿಲ್ಲವಂತೆ. ವರ್ಷವೆಲ್ಲ ಎಚ್ಚರ. ಆದರೂ ಚಳಿ ದಿನಕ್ಕೆ ಇಷ್ಟಿಷ್ಟೇ ಏರಿದರೆ ಗಿಡ ಒಳಗೊಳಗೇ ತಯಾರಾಗುತ್ತದಂತೆ. "ಹೇಗೆ ತಯಾರಾಗುತ್ತೆ?" ಎಂದು ಕೇಳಿದೆ. ಅರ್ಧ ಗಂಟೆ ಹೇಳಿದರು. ಹೇಳುವಾಗ ಎಲೆಯನ್ನು ಬೆರಳಲ್ಲಿ ಹಿಡಿದು ಹೀಗೆ ತಿರುಗಿಸುತ್ತಾರೆ ಅಮ್ಮ, ನಾನು ಆ ಬೆರಳನ್ನೇ ನೋಡುತ್ತ ನಿಂತೆ. ಕೊನೆಯ ಮಾತು ಮಾತ್ರ ಕಿವಿಗೆ ಬಿತ್ತು: "ಮಣ್ಣು ಪೂರ್ತಿ ಒಣಗಿದರೆ ಒಂದು ಲೋಟ ನೀರು ಹಾಕು. ಬೇರೆ ಏನೂ ಮಾಡಬೇಡ ವನಜ."

ಅವರು ಹೋದ ಮಾರನೆಯ ದಿನ ಗಿಡಗಳನ್ನು ಸರಿಯಾಗಿ ನೋಡಿದೆ. ಎಲೆಗಳ ಹೊಳಪು ಹೋಗಿತ್ತು. ಒಂದು ಹೊಸ ಚಿಗುರಿಲ್ಲ. ಎಲೆ ಮುಟ್ಟಿದರೆ ಒರಟು, ಅಂಚು ಸ್ವಲ್ಪ ಮುದುಡಿಕೊಂಡಿತ್ತು. ಮುದ್ದೇನಹಳ್ಳಿಯ ಹಿತ್ತಲಲ್ಲಿ ಮಾವನವರ ಕೈಯಲ್ಲಿ ಬೆಳೆದ ಮರದ ಮಕ್ಕಳು, ಇಲ್ಲಿ ಕೇಳುವವರಿಲ್ಲದೆ ನಿಂತಿವೆ. ಮಧ್ಯಾಹ್ನವೇ ನಿನ್ನ ಕಾಗದ ಬಂತು.

ಆಮೇಲೆ ನನ್ನನ್ನು ನೀನು ನೋಡಬೇಕಿತ್ತು. ಅಡಿಗೆಮನೆಯ ಹಿಂದಿನ ಉಗ್ರಾಣ ಖಾಲಿ ಮಾಡಿದೆ. ಅದಕ್ಕೆ ಬಿಸಿಲು ಬೀಳುವ ದೊಡ್ಡ ಕಿಟಕಿ ಇದೆ. ಕುಂಡಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಒಳಗೆ ತಂದೆ. ಬಾಂಡ್ಲಿಯಲ್ಲಿ ಕೆಂಡ, ಬಾಗಿಲಿಗೆ ಗೋಣಿತಾಟು, ಎಲ್ಲ ನೀನು ಹೇಳಿದ ಹಾಗೆಯೇ. ಉಗುರುಬೆಚ್ಚನೆಯ ನೀರಿಗೆ ಸಗಣಿ ಕದಡಿ ಹಾಕಿದೆ. ಕಾನ್ವೆಂಟಿನ ಸಿಸ್ಟರುಗಳು ನನ್ನ ಕೈ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು.

ಒಂದು ಗಿಡ ಮಾತ್ರ ಬರಲಿಲ್ಲ. ಎಲ್ಲಕ್ಕಿಂತ ಸಣ್ಣದು, ಸೊಟ್ಟ, ನಾನು ಅದಕ್ಕೆ ಕುಂಟ ಎಂದು ಹೆಸರಿಟ್ಟಿದ್ದೇನೆ. ಕುಂಡದ ತೂತಿನಿಂದ ಬೇರು ಇಳಿದು ನೆಲ ಹಿಡಿದುಬಿಟ್ಟಿದೆ. ಎಳೆದೆ, ಬಾಗಿಸಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೈದೆ. ಜಪ್ಪಯ್ಯ ಎನ್ನಲಿಲ್ಲ. ಇರಲಿ, ಐದನ್ನು ಉಳಿಸಿದೆನಲ್ಲ.

ಇವರಿಗೆ ಬರೆದಿಲ್ಲ. ಸರ್‌ಪ್ರೈಸ್.

ಕೈಯೆಲ್ಲ ಮಸಿಯಾಗಿರುವ,
ನಿನ್ನ ಮಗಳು ವನಜ

*

ಹಣ್ಣಿನ ಫಾರಂ
೧೭ ಡಿಸೆಂಬರ್ ೧೯೫೯

ಅಮ್ಮ,

ಚಿಗುರಿವೆ. ಐದೂ ಚಿಗುರಿವೆ.

ಬೆಳಿಗ್ಗೆ ಕೆಂಡ ಬದಲಿಸಲು ಹೋದಾಗ ಮೊದಲು ಒಂದರ ತುದಿಯಲ್ಲಿ ಹಸಿರು ಚುಕ್ಕೆ ಕಂಡಿತು. ಮೂರು ದಿನದಲ್ಲಿ ಎಲ್ಲದರಲ್ಲೂ. ಈಗ ಒಂದೊಂದು ಚಿಗುರೂ ನನ್ನ ಹೆಬ್ಬೆರಳುದ್ದ ಇದೆ. ಎಂಥ ಎಲೆ ಗೊತ್ತಾ, ಜ್ವರದಿಂದ ಎದ್ದ ಹುಳದ ಮೈ ಹಾಗೆ, ಮುಟ್ಟಿದರೆ ಎಲ್ಲಿ ನೋಯುತ್ತದೋ ಎನ್ನುವಷ್ಟು ಮೆತ್ತಗೆ. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ. ಉಗ್ರಾಣದಲ್ಲಿ ಮುದ್ದೇನಹಳ್ಳಿಯ ವಾಸನೆ ತುಂಬಿದೆ. ನಾನು ಅಲ್ಲೇ ಮಣೆ ಹಾಕಿಕೊಂಡು ತಿಂಡಿ ತಿನ್ನುತ್ತೇನೆ.

ಕುಂಟ ಹೊರಗೆ ಹಾಗೇ ನಿಂತಿದೆ. ಕಪ್ಪು ಹಸಿರು, ಮಂಕು, ಮುಖ ಗಂಟು ಹಾಕಿಕೊಂಡು ಮೂಲೆಯಲ್ಲಿ ಕೂತ ಮಾವನ ಹಾಗೆ. (ನಮ್ಮ ಮಾವನವರಲ್ಲ. ಅವರು ಬಂಗಾರ.)

ನಾಡಿದ್ದು ಇವರು ಬರುತ್ತಾರೆ. ಬೆಳಿಗ್ಗೆಯೇ ಐದು ಕುಂಡಗಳನ್ನೂ ಅವುಗಳ ಜಾಗದಲ್ಲಿ ಸಾಲಾಗಿ ಇಟ್ಟುಬಿಡುತ್ತೇನೆ. ಬಸ್ಸಿಳಿದು ಬಂದಾಗ ಹಿಂದಿನಿಂದ ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ ಬಿಡುತ್ತೇನೆ. ಸೂಪರಿಂಟೆಂಡೆಂಟ್ ಸಾಹೇಬರೂ ನೋಡಲಿ. ಜಂಗಮಕೋಟೆಯ ಅನಸೂಯಮ್ಮನ ಮಗಳು ಎಂದರೆ ಏನು ಅಂದುಕೊಂಡಿದ್ದಾರೆ.

ಇವರ ಮುಖ ಹೇಗಾಯಿತು ಎಂದು ಅಂದೇ ಬರೆಯುತ್ತೇನೆ.

ಕಾಲು ನೆಲದ ಮೇಲಿಲ್ಲದ,
ವನಜ

*

ಜಂಗಮಕೋಟೆ
೨೮ ಡಿಸೆಂಬರ್ ೧೯೫೯

ವನಜಮ್ಮ,

ಕಾರ್ಡು ಸಾಕು ಅಂತ ಕಾರ್ಡಿನಲ್ಲೇ ಬರೆಯುತ್ತಿದ್ದೀನಿ. ಅಂದೇ ಬರೆಯುತ್ತೀನಿ ಅಂದವಳು ಏನೂ ಬರೆದಿಲ್ಲ. ಟಪಾಲಿನವನು ಬೀದಿ ತುದಿಯಲ್ಲೇ ಕೈ ಆಡಿಸಿಬಿಡುತ್ತಾನೆ. ಅಳಿಯಂದಿರ ಮುಖ ಹೇಗಾಯಿತು? ಬೈದರಾ? ಮೈ ಹುಷಾರಿದೆಯಾ? ನಿಮ್ಮಪ್ಪ ಟಿಕೆಟ್ ತೆಗೆದುಕೊಂಡು ಬಂದರು. ಐದಕ್ಕೆ ಹೊರಡೋದು ಖಂಡಿತ. ಕಂಬಳಿ ಟೋಪಿ ಕೊಂಡುಕೊಂಡಿದ್ದಾರೆ, ಇಲ್ಲೇ ಹಾಕಿಕೊಂಡು ಓಡಾಡಿ ಊರಿನವರನ್ನೆಲ್ಲ ನಗಿಸುತ್ತಿದ್ದಾರೆ. ಎರಡು ಸಾಲು ಬರಿ.

ಅಮ್ಮ

*

ಹಣ್ಣಿನ ಫಾರಂ
೨೯ ಡಿಸೆಂಬರ್ ೧೯೫೯

ಅಮ್ಮನಿಗೆ,

ಹತ್ತು ದಿನ ಬರೆಯಲಿಲ್ಲ. ಮೊದಮೊದಲು ಬರೆಯುವುದಕ್ಕೆ ಆಗಲಿಲ್ಲ, ಆಮೇಲೆ ಬರೆಯುವುದಕ್ಕೆ ಪುರುಸೊತ್ತಾಗಲಿಲ್ಲ. ಎರಡನ್ನೂ ಹೇಳುತ್ತೇನೆ.

ಇವರು ಬಂದರು. ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ ಬಿಟ್ಟೆ. ಇವರು ನೋಡಿದರು. ಚಿಗುರಿನ ಕೆಳಗೆ ಬೆರಳಿಟ್ಟು ಎತ್ತಿ ನೋಡಿದರು. ಇನ್ನೊಂದು ಗಿಡಕ್ಕೆ ಹೋದರು, ಅದನ್ನೂ ನೋಡಿದರು. ನಾನು ಪಕ್ಕದಲ್ಲಿ ಕುಣಿಯುತ್ತಲೇ ಇದ್ದೆ. ಕೊನೆಗೆ "ಟೀ ಇದೆಯಾ?" ಎಂದರು. ಸೀದ ಅನ್ನವನ್ನು ತಿಂದಾಗ ಇದ್ದ ಮುಖವೇ ಅದು.

ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ, "ಯಾರು ಹೇಳಿಕೊಟ್ಟರು?" ಎಂದು ಕೇಳಿದರು.

"ಅಮ್ಮ" ಎಂದೆ. ಕೆಂಡದ ಬಾಂಡ್ಲಿ, ಗೋಣಿತಾಟು ಎಲ್ಲ ಹೇಳಿದೆ.

"ಹುಳದ ಮನೆ ಮಾಡಿಬಿಟ್ಟೆಯಲ್ಲೇ" ಎಂದರು. ಅಷ್ಟೆ. ನಗಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅಂದೇ ನಿನಗೆ ಬರೆಯುತ್ತಿದ್ದೆ.

ಈ ಸಲ ಪಾಠ ಹೇಳುವಾಗ ನಾನು ಅವರ ಬೆರಳು ನೋಡಲಿಲ್ಲ. ಕೇಳಿಸಿಕೊಂಡೆ. ಚಳಿ ಮೆಲ್ಲಮೆಲ್ಲಗೆ ಏರುವಾಗ ಗಿಡ ಮೊದಲು ಬೆಳೆಯುವುದನ್ನು ನಿಲ್ಲಿಸುತ್ತದೆ. ಬೆಳೆಯಲು ಖರ್ಚಾಗಬೇಕಾದ ಸಕ್ಕರೆ ಎಲೆಯಲ್ಲಿ, ತೊಗಟೆಯಲ್ಲಿ ಉಳಿದುಕೊಳ್ಳುತ್ತದೆ. ನೀರಿನ ಅಂಶ ಇಳಿಯುತ್ತದೆ. ಒಳಗಿನ ರಸ ಮಂದವಾಗುತ್ತದೆ, ನೀನು ಬೆಲ್ಲದ ಪಾಕ ಕಾಯಿಸುತ್ತೀಯಲ್ಲ, ಹಾಗೆ. ಮಂದವಾದ ರಸ ಬೇಗ ಗಡ್ಡೆ ಕಟ್ಟುವುದಿಲ್ಲ. ಎಲೆ ಮಂಕಾಗಿ ಒರಟಾಗಿ ನಿಂತಿದ್ದು ಸೊರಗಿ ಅಲ್ಲ, ಸಿದ್ಧವಾಗಿ. ನಾನು ಒಳಗೆ ತಂದು ಬೆಚ್ಚಗೆ ಇಟ್ಟು ನೀರು ಗೊಬ್ಬರ ಹಾಕಿದ ಕೂಡಲೇ ಗಿಡ ಬೇಸಿಗೆ ಬಂತೆಂದು ನಂಬಿತು. ಕೂಡಿಟ್ಟದ್ದನ್ನೆಲ್ಲ ಚಿಗುರಿಗೆ ಸುರಿಯಿತು. ಎರಡು ತಿಂಗಳು ಕಲಿತದ್ದು ಎರಡು ವಾರದಲ್ಲಿ ಮರೆತುಹೋಯಿತು.

"ಮತ್ತೆ ಕಲಿಸೋಣ" ಎಂದರು ಇವರು. ಹಗಲು ಹೊರಗೆ, ಸಂಜೆ ಒಳಗೆ, ದಿನಕ್ಕೆ ಒಂದು ಗಂಟೆ ಹೆಚ್ಚಿಗೆ ಹೊರಗೆ. ನಾಲ್ಕು ದಿನ ಹಾಗೆ ನಡೆಯಿತು. ಐದನೆಯ ಸಂಜೆ ಮೋಡ ಮುಚ್ಚಿತ್ತು. ಮೋಡವಿದ್ದರೆ ಅಷ್ಟು ಚಳಿ ಇಳಿಯುವುದಿಲ್ಲ, ಇರಲಿ ಎಂದು ಹೊರಗೇ ಬಿಟ್ಟೆವು. ನಾವು ಮಲಗಿದ ಮೇಲೆ ಮೋಡ ಚದುರಿದೆ, ಗಾಳಿ ನಿಂತಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ಹುಲ್ಲೆಲ್ಲ ಬಿಳಿ. ಇಬ್ಬನಿಯೇ ಹೆಪ್ಪುಗಟ್ಟಿ ಹುಡಿಯುಪ್ಪು ಚೆಲ್ಲಿದ ಹಾಗೆ ಬಿದ್ದಿತ್ತು. ಐದು ಗಿಡದ ಚಿಗುರು ಗಾಜಿನ ಹಾಗೆ ಹೊಳೆಯುತ್ತಿತ್ತು. ಎಷ್ಟು ಚೆಂದವಿತ್ತು ಎಂದು ಹೇಳಲೇ ನಾಚಿಕೆ. ಬಿಸಿಲು ಬಿದ್ದ ಮೇಲೆ ಅದೇ ಚಿಗುರು ಬೇಯಿಸಿದ ದಂಟಿನ ಸೊಪ್ಪಾಯಿತು. ಮಧ್ಯಾಹ್ನಕ್ಕೆ ಕಪ್ಪಾಯಿತು. ತೊಗಟೆ ಸೀಳಿತು. ಕಸಿ ಮಾಡಿದ ಗಂಟಿನವರೆಗೆ ಚಕ್ಕೋತವೆಲ್ಲ ಹೋಯಿತು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಬಂದು, ಅದೇ ಉಗ್ರಾಣದಲ್ಲಿ ಕೂತು ಅತ್ತೆ.

ಆಗ ಹೊರಗಿನಿಂದ ಕೂಗು. "ವನಜಾ" ಎಂದು. ಇವರು ನನ್ನನ್ನು ಹಾಗೆ ಕೂಗಿದ್ದು ಎಂದೂ ಇಲ್ಲ. ಇಡೀ ಫಾರಮ್ಮಿಗೆ ಕೇಳಿಸಿತು. ಓಡಿಹೋದೆ. ಇವರು ಒಂದು ಕಾಲಿಗೆ ಬೂಟು ಹಾಕಿಕೊಂಡು, ಒಂದು ಕಾಲು ಬರಿಗಾಲು, ಕುಂಟನ ಮುಂದೆ ಮಂಡಿಯೂರಿ ಕೂತಿದ್ದರು. ಕುಂಟನ ಮೈಮೇಲೂ ಬೆಳಿಗ್ಗೆ ಅಷ್ಟೇ ಬಿಳಿ ಬಿದ್ದಿತ್ತು, ಎಲೆ ದೊನ್ನೆಯ ಹಾಗೆ ಮುದುಡಿತ್ತು. ನಾನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ಎಲೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು. ಕಪ್ಪಿಲ್ಲ, ಕಲೆ ಇಲ್ಲ. ಅದೇ ಗಂಟುಮುಖ.

"ಇದೊಂದನ್ನ ಯಾಕೆ ಒಳಗಿಡಲಿಲ್ಲ ನೀನು?" ಎಂದರು.

"ಬರಲಿಲ್ಲ. ಎಳೆದೆ, ಬೈದೆ."

"ದೇವರು ದೊಡ್ಡವನು" ಎಂದರು. ದೇವಸ್ಥಾನಕ್ಕೆ ಹೋದರೂ ಮರ ನೋಡಿ ಬರುವವರು ಇವರು.

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಸಾಹೇಬರು ಬಂದರು. ಸತ್ತ ಐದನ್ನು ನೋಡಿದರು, ಕುಂಟನನ್ನು ನೋಡಿದರು. "ಒಂದೇ ಮರದ ಕಣ್ಣು, ಒಂದೇ ಬುಡ, ಒಂದೇ ರಾತ್ರಿ. ಐದನ್ನು ಒಳಗೆ ಬೆಚ್ಚಗಿಟ್ಟು ಒಂದನ್ನು ಹೊರಗೆ ಬಿಟ್ಟವರು ಯಾರು?"

"ನನ್ನ ಹೆಂಡತಿ, ಸರ್."

"ಪ್ರಯೋಗವೇ?"

ಇವರು ನನ್ನ ಕಡೆ ಒಂದು ಸಲ ನೋಡಿ, "ಹೌದು ಸರ್" ಎಂದರು. ಸಾಹೇಬರು ನನಗೆ ಟೋಪಿ ತೆಗೆದರು ಅಮ್ಮ. ನಾನು ಕಣ್ಣೊರೆಸಿಕೊಂಡು, ಸಗಣಿ ಬಕೆಟ್ಟನ್ನು ಸೆರಗಿನಿಂದ ಮುಚ್ಚಿಕೊಂಡು, ಕಾನ್ವೆಂಟಿನ ಹುಡುಗಿಯ ಹಾಗೆ 'ಥ್ಯಾಂಕ್ಯೂ ಸರ್' ಎಂದೆ.

ಅವತ್ತಿನಿಂದ ನನಗೆ ಹುಚ್ಚು ಹಿಡಿದಿದೆ. ನೀನು ಕಟ್ಟಿಕೊಟ್ಟ ಬೆಲ್ಲವನ್ನು ಗಟ್ಟಿಯಾಗಿ ಕರಗಿಸಿ ಒಂದು ಲೋಟದಲ್ಲಿ, ಬರೀ ನೀರನ್ನು ಇನ್ನೊಂದು ಲೋಟದಲ್ಲಿ ಹೊರಗಿಟ್ಟೆ. ಬೆಳಿಗ್ಗೆ ನೀರಿನ ಲೋಟ ಬೋರಲು ಹಾಕಿದರೂ ತೊಟ್ಟು ಬೀಳಲಿಲ್ಲ, ಕಲ್ಲು. ಬೆಲ್ಲದ ನೀರು ತುಳುಕುತ್ತಿತ್ತು. ಲೋಟ ಹಿಡಿದುಕೊಂಡು ಇವರ ಹಾಸಿಗೆಯ ಹತ್ತಿರ ಓಡಿದೆ, ಅರ್ಧ ಇವರ ಮೇಲೆ ಚೆಲ್ಲಿತು. ಇವರು ಮೈಯೆಲ್ಲ ಅಂಟು ಮಾಡಿಕೊಂಡೇ ಹೇಳಿದರು: ಎಲೆಯ ರಸ ಇಷ್ಟು ಮಂದವಾಗಿರುವುದಿಲ್ಲ, ಸಕ್ಕರೆ ಒಂದೇ ಕಾರಣವೂ ಅಲ್ಲ. ಗಿಡ ಒಳಗೆ ಇನ್ನೂ ಏನೇನೋ ಬದಲಿಸಿಕೊಳ್ಳುತ್ತದೆ, ಅದೆಲ್ಲ ಯಾರಿಗೂ ಪೂರ್ತಿ ತಿಳಿದಿಲ್ಲ. ಯಾರಿಗೂ ತಿಳಿಯದ ಸಂಗತಿ ನಮ್ಮ ಅಂಗಳದಲ್ಲಿ ನಿಂತಿದೆ ಅಮ್ಮ, ಅದೂ ಮುದ್ದೇನಹಳ್ಳಿಯದು.

ಐದರ ಬುಡದ ಮುಳ್ಳುಗಿಡಕ್ಕೆ ಏನೂ ಆಗಿಲ್ಲ. ವಸಂತದಲ್ಲಿ ಕುಂಟನ ಕಣ್ಣು ತೆಗೆದು ಅವಕ್ಕೆ ಹಾಕಬಹುದಂತೆ. ಕುಂಟ ಬೇಸಿಗೆಯವರೆಗೆ ಉಳಿಯಬೇಕು ಅಷ್ಟೆ. ನಿಜವಾದ ಚಳಿ ಜನವರಿಯದು.

ಅಪ್ಪ ಐದಕ್ಕೆ ಹೊರಡುತ್ತಾರೆ, ಗೊತ್ತು. ಸೀರೆಗಳನ್ನು ಟ್ರಂಕಿನಲ್ಲಿ ಇಟ್ಟಿದ್ದೇನೆ. ಟ್ರಂಕಿಗೆ ಕಟ್ಟಲು ಇವರು ಪೇಟೆಯಿಂದ ಹಗ್ಗ ತಂದರು. ತಂದವರು ಅದನ್ನು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದಾರೆ. ಅಲ್ಲೇ ಇದೆ.

ಈಗ ನಾನು ಹೊದೆಯುವುದು ಒಂದೇ ರಗ್ಗು.

ನಿನ್ನ,
ವನಜ

*

ಜಂಗಮಕೋಟೆ
೪ ಜನವರಿ ೧೯೬೦

ವನಜಮ್ಮ,

ಇವತ್ತು ಬೆಳಿಗ್ಗೆ ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಆಮೇಲೆ ಹುಳದ ಮನೆಗೆ ಹೋಗಿ ಸುಮ್ಮನೆ ನಿಂತೆ. ಹೊಸ ಹುಳ ಎರಡನೇ ಜ್ವರಕ್ಕೆ ಕೂತವೆ. ತಟ್ಟೆ ತುಂಬ ಒಂದೂ ಅಲ್ಲಾಡೋದಿಲ್ಲ, ಒಂದೂ ತಿನ್ನೋದಿಲ್ಲ.

ಮೂವತ್ತು ವರ್ಷದಿಂದ ಹುಳ ಸಾಕಿದೀನಿ. ಜ್ವರಕ್ಕೆ ಕೂತಾಗ ಸೊಪ್ಪು ಹಾಕಬೇಡ, ಮುಟ್ಟಬೇಡ, ಅದರ ಪಾಡಿಗೆ ಬಿಡು ಅಂತ ನಿನಗೆ ಎಷ್ಟು ಸಲ ಹೇಳಿದೀನಿ. ನಿನ್ನ ಗಿಡಾನೂ ಹಂಗೇ ಕೂತಿತ್ತು. ನಾನೇ ಸೊಪ್ಪು ಹಾಕಿಸಿದೆ. ಬೀಗರಿಗೆ ಈ ಮಾತು ನಾನೇ ಮುದ್ದೇನಹಳ್ಳಿಗೆ ಹೋಗಿ ಹೇಳುತ್ತೀನಿ, ನೀನು ಬರೆಯಬೇಡ.

ನಿಮ್ಮಪ್ಪ ಹಾಸಿಗೆ ಸುತ್ತಿ ಬೆಲ್ಟು ಬಿಗಿದು, ಟೋಪಿ ಹಾಕಿಕೊಂಡು ಕೂತಿದ್ದರು.

"ಬಿಚ್ಚಿ" ಅಂದೆ.

"ಏನ್ ಬಿಚ್ಚದು?"

"ಹಾಸಿಗೆ ಬಿಚ್ಚಿ. ಹೋಗೋದ್ ಬ್ಯಾಡ."

"ನಿಂಗೇನ್ ತಲೆ ಕೆಟ್ಟೈತಾ? ಮಗಳು ಅಲ್ಲಿ ಚಳೀಲಿ ನಡುಗ್ತಾವ್ಳೆ ಅಂತ ಒಂದು ತಿಂಗಳಿಂದ ನನ್ ಪ್ರಾಣ ತಿಂದೆ."

"ನಡುಗ್ತಿಲ್ಲ. ಒಂದೇ ರಗ್ಗಂತೆ."

"ಮತ್ತೆ ಎಳ್ಳು?"

"ಅಲ್ಲೇ ಬೀರ್ತಾಳೆ. ಅಲ್ಲಿ ಮನುಷ್ಯರಿಲ್ವಾ?"

ಟೋಪಿ ತೆಗೆದು ಒಳಗೂ ಹೊರಗೂ ತಿರುಗಿಸಿ ನೋಡಿದರು. ಆಮೇಲೆ, "ಟೋಪಿ ವಾಪಸ್ ತಗೊಳಲ್ಲ ಅಂಗ್ಡಿಯೋನು" ಅಂದರು. ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ವಾಪಸು ಕೊಡೋಕೆ ಬೆಂಗಳೂರಿಗೆ ಹೋದರು.

ಈಗ ನೀನು ಇಲ್ಲಿಗೆ ಬಂದರೆ ನಾನು ಸುಮ್ಮನಿರೋದಿಲ್ಲ ಕಣಮ್ಮ. ಬಿಸಿನೀರು ಕಾಯಿಸ್ತೀನಿ, ಒಲೆ ಮುಂದೆ ಮಣೆ ಹಾಕ್ತೀನಿ. ಎರಡು ತಿಂಗಳಾದ ಮೇಲೆ ಮತ್ತೆ ಆ ಬೆಟ್ಟಕ್ಕೆ ಹೋಗಬೇಕಾದವಳು ನೀನು. ಬೇಡ. ಕೂತಲ್ಲಿ ಕೂತಿರು.

ಎಳ್ಳು ಬೆಲ್ಲ, ಸಕ್ಕರೆ ಅಚ್ಚು ಪಾರ್ಸಲ್ ಮಾಡಿದ್ದೀನಿ. ಕೊಬ್ಬರಿ ಕೊಂಡಮ್ಮತ್ತೆ ಹೆಚ್ಚಿದ್ದು, ಕಮಟಾಗಿದ್ದರೆ ಬಿಸಾಕು, ಅವಳಿಗೆ ಚೆನ್ನಾಗಿತ್ತು ಅಂತ ಬರಿ. ಒಳಗೆ ಒಂದು ಲಡಿ ರೇಷ್ಮೆ ದಾರ ಇದೆ, ನಮ್ಮ ಗೂಡಿನದೇ. ಕಸಿ ಕಣ್ಣು ಕಟ್ಟೋಕೆ ಆಗುತ್ತದೋ ಏನೋ, ಅಳಿಯಂದಿರನ್ನ ಕೇಳು.

ಹಗ್ಗ ಮೊಳೆಯಿಂದ ತೆಗೆದು ಬಟ್ಟೆ ಒಣಗಿ ಹಾಕೋಕೆ ಕಟ್ಟಿಕೊ.

ಅಮ್ಮ

*

ಹಣ್ಣಿನ ಫಾರಂ
೨೪ ಮಾರ್ಚ್ ೧೯೬೦

ನನ್ನ ಅಮ್ಮನಿಗೆ,

ಲಕೋಟೆಯಲ್ಲಿ ಒಂದು ಎಲೆ ಇದೆ, ಹುಷಾರಾಗಿ ತೆಗೆ. ಕುಂಟನದು. ನಾನು ಕಿತ್ತದ್ದಲ್ಲ. ಹೊಸ ಚಿಗುರಿಗೆ ಜಾಗ ಮಾಡಿಕೊಟ್ಟು ತಾನೇ ಉದುರಿತು. ಜನವರಿಯ ಅಷ್ಟೂ ಚಳಿಯನ್ನು ಹೊತ್ತ ಎಲೆ ಅದು. ಒಂದು ವಾರವಂತೂ ನಲ್ಲಿಯ ನೀರು ಹಗಲೆಲ್ಲ ಬರಲಿಲ್ಲ. ದಿನವೂ ಬೆಳಿಗ್ಗೆ ನಾನೂ ಇವರೂ ಬಾಗಿಲು ತೆಗೆಯಲು ಹೆದರಿ, "ನೀನು ನೋಡು", "ನೀವೇ ನೋಡಿ" ಎಂದು ತಳ್ಳಾಡುತ್ತಿದ್ದೆವು. ಎರಡು ರೆಂಬೆಯ ತುದಿ ಕರಟಿತು, ಅಷ್ಟೆ. ಹೋದ ವಾರ ಹೊಸ ಚಿಗುರು ಬಿಟ್ಟಿತು. ಈ ಸಲ ಅದರ ಸಮಯಕ್ಕೆ ಅದು ಬಿಟ್ಟಿದ್ದು.

ಮೂರು ಕುಂಡಕ್ಕೆ ಈಗಾಗಲೇ ಕುಂಟನ ಕಣ್ಣು ಹಾಕಿದ್ದೇವೆ. ಇವರು ಕೊಯ್ದರು, ನಾನು ಕಟ್ಟಿದೆ, ನಿನ್ನ ರೇಷ್ಮೆಯಲ್ಲಿ. ಬಾಳೆ ನಾರಿಗಿಂತ ಚೆನ್ನಾಗಿ ಕೂರುತ್ತದೆ ಎಂದು ಇವರೇ ಒಪ್ಪಿದರು. ಸಾಹೇಬರು ಕೆಳಗಿನ ತೋಟದಲ್ಲಿ ಒಂದು ಸಾಲು ಜಾಗ ಬರೆದುಕೊಟ್ಟರು. ಸಂಕ್ರಾಂತಿಯಲ್ಲಿ ನಾನು ಎಳ್ಳು ಕೊಟ್ಟಾಗ ಅವರ ಹೆಂಡತಿ ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡಿದ್ದರು. ಅದರ ಫಲ ಎನ್ನುತ್ತೇನೆ ನಾನು. ಕುಂಟನ ಫಲ ಎನ್ನುತ್ತಾರೆ ಇವರು. (ಕೊಬ್ಬರಿ ಕಮಟಾಗಿರಲಿಲ್ಲ. ಕೊಂಡಮ್ಮತ್ತೆಗೆ ಹೇಳು, ನಿಜವಾಗಿಯೂ.)

ಎಲೆಯನ್ನು ಕಿವುಚಿ ಮೂಸಿ ನೋಡು. ಅರ್ಧ ಮಾವನವರಿಗೆ ಕೊಡು. ಮುಂದಿನ ಚಳಿಗಾಲಕ್ಕೆ ನೀನೂ ಅಪ್ಪನೂ ಇಲ್ಲಿಗೆ ಬರಬೇಕು. ಬೆಟ್ಟದ ಹಿಂದಿನ ಮಚ್ಚೆ ಹಾಗೇ ಇದೆ.

ರಗ್ಗು ಮಡಿಸಿಟ್ಟಿರುವ,
ನಿನ್ನ ವನಜ

*

ಜಂಗಮಕೋಟೆ
೬ ಏಪ್ರಿಲ್ ೧೯೬೦

ವನಜಮ್ಮ,

ಎಲೆ ಸೇರಿತು. ಬೀಗರು ತಮ್ಮ ಅರ್ಧವನ್ನು ಮೂಸಿ, ಜೇಬಿನಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋದರು. ಮರದ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಡಿಸೆಂಬರಿಗೆ ಬರ್ತೀವಿ. ಖಂಡಿತ. ಅಳಿಯಂದಿರು ಹೇಳಿದ ಹಾಗೆ ಈಗಿನಿಂದಲೇ ತಯಾರಾಗಬೇಕು ಅಂತ ನಿಮ್ಮಪ್ಪ ಹಂಡೆಗೆ ಬೆಂಕಿ ಹಾಕೋದು ನಿಲ್ಲಿಸಿದ್ದಾರೆ. ಬಿಂದಿಗೆ ತಣ್ಣೀರು ಒಂದೇ ಸಲ ತಲೆ ಮೇಲೆ ಸುರಿದುಕೊಂಡು, ಎರಡನೇ ದಿನಕ್ಕೇ ನೆಗಡಿ ಹಿಡಿಸಿಕೊಂಡು ಕಂಬಳಿ ಟೋಪಿಯಲ್ಲಿ ಕೂತಿದ್ದಾರೆ. ನಿಧಾನಕ್ಕೆ ಅಂತ ಬರೆದಿದ್ದಾಳೆ ಕಣ್ರೀ ಅಂದರೆ ಕೇಳೋದಿಲ್ಲ. ನಾನು ಮಾತ್ರ ನಿಮ್ಮವರು ಹೇಳಿದ ಹಾಗೇ ಮಾಡ್ತಿದೀನಿ. ಬಿಸಿನೀರಿಗೆ ದಿನಕ್ಕೆ ಒಂದು ಚೊಂಬು ತಣ್ಣೀರು ಹೆಚ್ಚು.

ಇವತ್ತಿಗೆ ಐದು ಚೊಂಬು.

ಅಮ್ಮ